ಜೀಪಿಗೆ ಜಳಕ ಮಾಡಿಸಿದ ನೀರು

ದುರಗಪ್ಪ ದಿನಾ ಸ್ಟೇರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಗಾಡಿ ಹತ್ತುವ ಡ್ರೈವರು. ಹಣೆಯ ವಿಭೂತಿ ಬೆವರಿಗೆ ಅಳಿಸಿದರೆ ಮತ್ತೆ ಹಚ್ಚಿಕೊಳ್ಳುವವನು. ಅಂಥ ಸಾಧು ಮನುಷ್ಯನಿಗೆ ಆ ಬೆಳಿಗ್ಗೆ ಮೈಯೆಲ್ಲ ಉರಿದುಹೋಯಿತು.

ವಿರುಪಣ್ಣ ಸಾಹುಕಾರರು ಬಳಗದ ನಾಲ್ವರನ್ನು ಕಟ್ಟಿಕೊಂಡು, ಮರುಭೂಮಿಯ ಆಚೆಗಿದ್ದ ಶಿವಾಲಯಕ್ಕೆ ಫೋರ್ ವೀಲ್ ಜೀಪಿನಲ್ಲಿ ಹೊರಟಿದ್ದರು. ಐದು ದಿನದ ದಾರಿ. ನಡುವೆ ಊರಿಲ್ಲ, ಬಾವಿಯಿಲ್ಲ. ಮರಳು ಶುರುವಾಗುವ ಕೊನೆಯ ಊರಿನಲ್ಲಿ ದುರಗಪ್ಪ ಅರ್ಧ ದಿನ ಟ್ಯಾಂಕರಿನ ಮುಂದೆ ನಿಂತು ಆರು ಕ್ಯಾನು ನೀರು ತುಂಬಿಸಿದ್ದ. ತನ್ನನ್ನೂ ಸೇರಿಸಿ ತಲೆಗೊಂದು ಕ್ಯಾನು.

ಬೆಳಿಗ್ಗೆ ಸ್ಟೆಪ್ನಿಗೆ ಗಾಳಿ ಹಾಕಿಸಿಕೊಂಡು ಬಂದು ನೋಡುತ್ತಾನೆ, ಜೀಪು ಫಳಫಳ ಹೊಳೆಯುತ್ತಿದೆ! ಬಾನೆಟ್ಟಿಗೆ ಹೂವಿನ ಹಾರ. ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು. ಪಕ್ಕದಲ್ಲಿ ಮೂರು ಖಾಲಿ ಕ್ಯಾನು.

"ಸಾಹುಕಾರ್ರ, ಇದೇನ್ ಮಾಡಿದ್ರಿ?"

"ಗಾಡಿಗೆ ಜಳಕ ಇಲ್ದ ಪೂಜಾ ಹೆಂಗ ಆಕ್ಕೈತೋ? ಮೈತುಂಬ ಧೂಳಿತ್ತು."

"ಹತ್ತು ಹೆಜ್ಜಿ ಹೋದ್ರ ಮತ್ತ ಧೂಳ ಕುಂದರತೈತ್ರಿ! ಮುಂದಿನ ಟ್ಯಾಂಕರ್ ಬರೋದು ಮೂರು ದಿನಕ್ಕ."

"ಮುಹೂರ್ತ ಮೀರತೈತಿ, ಗಾಡಿ ಹತ್ತು. ಶಿವ ನೋಡ್ಕೋತಾನ. ಇಷ್ಟು ವಿಭೂತಿ ಬಡಕೊಂಡೀ, ನಿನಗ ನಂಬಿಕಿ ಇಲ್ಲೇನು?"

ಆ ಮಾತು ದುರಗಪ್ಪನ ಎದೆಗೆ ನಾಟಿತು. ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ.

"ನಂಬಿಕಿ ಐತ್ರಿ. ಅದಕ್ಕ ಶಿವನ ಹೆಸರು ಹೇಳಿ ಮಂದೀನ ಸಾಯಾಕ ಕರಕೊಂಡು ಹೋಗಂಗಿಲ್ಲ. ಇರೋದು ಮೂರು ಮಂದಿಯ ನೀರು. ನೀರಿಲ್ಲದ ಆ ಮೂವರು ಯಾರು, ಅವರ ಮಾರಿ ನೋಡಿ ಹೇಳ್ರಿ. ಈಗಿಂದೀಗ ನಿಂಬಿಹಣ್ಣಿನ ಮ್ಯಾಲ ಗಾಡಿ ಹತ್ತಸ್ತೀನಿ."

"ನಿನ್ನ ಕೆಲಸ ಉಳಿಯಂಗಿಲ್ಲ ನೋಡು!"

"ಹೋಗವಲ್ಲದ್ಯಾಕ. ಹೆಸರು ಹೇಳ್ರಿ."

ಸಾಹುಕಾರರು ತಿರುಗಿದರು. ಆರತಿ ತಟ್ಟೆ ಹಿಡಿದು ನಿಂತಿದ್ದ ತಂಗಿ ಚಿನ್ನವ್ವ ಕಣ್ಣು ಕೆಳಗಿಳಿಸಲಿಲ್ಲ.

"ಹೇಳಪಾ ಅಣ್ಣಾ, ನನ್ನಿಂದ ಶುರು ಮಾಡ್ತೀಯೇನು?"

ಸಾಹುಕಾರರು ತಂಗಿಯ ಮುಖದಿಂದ ಕಣ್ಣು ಕಿತ್ತರು. ಮೂರು ಕ್ಯಾನು ಸುರಿದಿದ್ದ ಜಾಗವನ್ನು ನೋಡಿದರು. ಆ ಮರಳು ಆಗಲೇ ಒಣಗಿತ್ತು.

"ಮೂರು ದಿನ ಇಲ್ಲೇ ನಿಲ್ಲೋಣ," ಎಂದರು, ತಮಗಷ್ಟೇ ಕೇಳುವಷ್ಟು ಮೆಲ್ಲಗೆ.

ಮೂರನೆಯ ದಿನ ಟ್ಯಾಂಕರು ಬಂದಾಗ ಸಾಲಿನಲ್ಲಿ ಖಾಲಿ ಕ್ಯಾನು ಹಿಡಿದು, ಬರಿಗಾಲಲ್ಲಿ ನಿಂತವರು ಸಾಹುಕಾರರೇ.

ನೀತಿ: ದೇವರು ಕರುಣಾಳು, ಅದರಲ್ಲಿ ಎಳ್ಳಷ್ಟೂ ಸಂಶಯ ಬೇಡ. ಆದರೆ ನಮ್ಮ ಬೇಜವಾಬ್ದಾರಿಗೆ 'ದೇವರು ನೋಡ್ಕೋತಾನೆ' ಎಂಬ ಹೆಸರಿಡುವುದು ಭಕ್ತಿಯಲ್ಲ, ಆ ದೇವರ ಮೇಲೇ ಹೊರಿಸುವ ಅಪವಾದ. ಜೊತೆಗೆ ಬಂದವರ ಬಾಯಿಗೆ ಎತ್ತಿಟ್ಟ ನೀರನ್ನು ಕಾಯುವುದೇ ಪ್ರಯಾಣದ ಮೊದಲ ಪೂಜೆ.