ಲಾಲಸಾಬನ ಹೆಬ್ಬೆರಳು

ಬಹಳ ಹಿಂದೆ, ನಮ್ಮ ಕಡೆ ಮೋಟಾರು ಬರುವುದಕ್ಕೂ ಮೊದಲು, ಕಡ್ಲಿಹಾಳ ಎಂಬ ಒಂದೂರಿನಲ್ಲಿ ಲಾಲಸಾಬ ಅಂತ ಒಬ್ಬನಿದ್ದನಂತೆ. ಸೈಕಲ್ ರಿಪೇರಿ ಅವನ ಕಸುಬು. ಸುಮ್ಮನೆ ಕೂತು ಕೇಳುವುದಾದರೆ ಹೇಳುತ್ತೇನೆ, ನಡುವೆ ನಗಬೇಡಿ. ಇದು ನಗುವ ಕಥೆಯಲ್ಲ.

ಸೀಟಿನ ಕೆಳಗೆ ಒಂದು ಕೊಳವೆ ಇರುತ್ತದಲ್ಲ, ಪಿಲ್ಲರ್ ಅನ್ನುತ್ತಾರೆ, ಅದು ಸೈಕಲ್ಲಿನ ಚೌಕಟ್ಟಿನೊಳಗೆ ಇಳಿದು ಕೂರಬೇಕು. ಕೂದಲೆಳೆಯಷ್ಟು ದಪ್ಪವಾದರೆ ಇಳಿಯುವುದಿಲ್ಲ. ಕೂದಲೆಳೆಯಷ್ಟು ಸಣ್ಣದಾದರೆ, ಬೋಲ್ಟು ಎಷ್ಟು ಬಿಗಿದರೂ, ಕೂತವರ ಭಾರಕ್ಕೆ ತಿರುಗುತ್ತದೆ. ಆ ಕಾಲದಲ್ಲಿ ಒಂದೊಂದು ಸೈಕಲ್ಲಿಗೆ ಒಂದೊಂದು ಅಳತೆ. ಬೇರೆಯವರು ಹತ್ತು ಪಿಲ್ಲರ್ ತುರುಕಿ ನೋಡಿ ಬೆವರು ಒರೆಸಿಕೊಳ್ಳುತ್ತಿದ್ದರು. ಲಾಲಸಾಬ ಮಾತ್ರ ಸೀಟು ಕಿತ್ತು, ತೂತಿನೊಳಗೆ ಹೆಬ್ಬೆರಳಿಟ್ಟು, ಕಣ್ಣು ಮುಚ್ಚಿ ಒಂದು ಸುತ್ತು ತಿರುಗಿಸುತ್ತಿದ್ದನಂತೆ. ಆಮೇಲೆ ಎದ್ದು ಹೋಗಿ ಗೋಡೆಗೆ ತೂಗುಹಾಕಿದ್ದರಲ್ಲಿ ಒಂದನ್ನು ತರುತ್ತಿದ್ದನಂತೆ. ಅದು ತನ್ನ ಮನೆಗೆ ಬಂದ ಹಾಗೆ ಕೂರುತ್ತಿತ್ತಂತೆ.

ಬೀದಿಯಲ್ಲಿ ಸೈಕಲ್ ಹಾದು ಹೋದ ಸದ್ದಿಗೇ ಅಳತೆ ಹೇಳುತ್ತಿದ್ದ ಅನ್ನುವವರೂ ಇದ್ದಾರೆ. ಅದೆಲ್ಲ ಸುಳ್ಳು. ಹೆಬ್ಬೆರಳಿನದು ಮಾತ್ರ ನಿಜ, ನಮ್ಮಜ್ಜಿ ಕಣ್ಣಾರೆ ನೋಡಿದ್ದಳು.

ಸಣ್ಣ ಪಿಲ್ಲರ್‌ಗೆ ತಗಡು ಸುತ್ತಿ ಕೂರಿಸುವುದು ಎಲ್ಲ ಅಂಗಡಿಯವರ ರೂಢಿ. ಅವನು ಅದನ್ನು ಎಂದೂ ಮಾಡಿದವನಲ್ಲ. 'ತಗಡ ಸುತ್ತೂದಾದ್ರ ನಾ ಯಾಕ ಬೇಕು' ಅನ್ನುತ್ತಿದ್ದನಂತೆ.

ಅದೇ ಊರಿನಲ್ಲಿ ಎಸ್ತರಬಾಯಿ ಅಂತ ನರ್ಸ್ ಇದ್ದರು. ಸುತ್ತಲ ಏಳೂರಿನ ಹೆರಿಗೆಗೆ ಅವರೇ ಹೋಗಬೇಕು. ಅವರದು ನಡುವೆ ಅಡ್ಡಕಂಬಿ ಇಲ್ಲದ ಹೆಂಗಸರ ಸೈಕಲ್, ಹಡಗಿನಲ್ಲಿ ಬಂದದ್ದು. ಸೀರೆಯುಟ್ಟು ಗಂಡಸರ ಸೈಕಲ್ ತುಳಿಯುವುದು ಆಗದ ಮಾತು.

ಒಂದು ದಿನ ಮಟಮಟ ಮಧ್ಯಾಹ್ನ, ಆರು ಮೈಲಿ ದೂರದ ಬಿಳಿಗಲ್ಲಿನಿಂದ ಗುರುಸಿದ್ಧ ಎಂಬ ನೇಕಾರ ಓಡಿ ಬಂದ. ಹೆಂಡತಿ ಕಾಶವ್ವನಿಗೆ ಬೆಳಗಿನಿಂದ ನೋವು, ಕೂಸು ಹೊರಗೆ ಬರುತ್ತಿಲ್ಲ ಅಂದ. ಎಸ್ತರಬಾಯಿ ಚೀಲ ಹಿಡಿದು ಸೈಕಲ್ ಹತ್ತಿದರು. ನಾಲ್ಕು ಮಾರು ಹೋಗುವುದರೊಳಗೆ ತುಕ್ಕು ಹಿಡಿದಿದ್ದ ಪಿಲ್ಲರ್ ಕುತ್ತಿಗೆಯಲ್ಲಿ ಮುರಿಯಿತು. ಇಬ್ಬರೂ ಸೈಕಲ್ ತಳ್ಳಿಕೊಂಡು ಲಾಲಸಾಬನ ಅಂಗಡಿಗೆ ಬಂದರು.

ಅವನು ಮುರಿದ ತುಂಡು ಎಳೆದು ತೆಗೆದು ಹೆಬ್ಬೆರಳಿಟ್ಟ. ಅಂಥ ಅಳತೆ ಅವನ ಗೋಡೆಯ ಮೇಲಿರಲಿಲ್ಲ. ಇದ್ದದ್ದರಲ್ಲಿ ದೊಡ್ಡದೂ ಕೂದಲೆಳೆ ಸಣ್ಣದು. ಪೇಟೆಯಿಂದ ತರಿಸಬೇಕು, ನಾಳೆ ಸಂಜೆಯಾಗುತ್ತದೆ ಅಂದ.

'ಸಾಬರ, ನಾಳಿ ಅನ್ನೂದು ಆಕಿಗಿಲ್ಲ. ಹೆಂಗರ ಮಾಡಿ ಕೂಡಸ್ರಿ' ಅಂದರು ಎಸ್ತರಬಾಯಿ.

ಗುರುಸಿದ್ಧ ಕಂಬಕ್ಕೆ ಒರಗಿ ನಿಂತಿದ್ದನಂತೆ. ಲಾಲಸಾಬ ಹುಟ್ಟಿದ ಮೇಲೆ ಮೊದಲ ಸಲ ಎಣ್ಣೆ ಡಬ್ಬಿಯ ತಗಡು ಕತ್ತರಿಸಿದ. ಸುತ್ತಿದ, ಹೊಂದಲಿಲ್ಲ. ಬಿಚ್ಚಿದ, ಅರದಿಂದ ಉಜ್ಜಿದ, ಮತ್ತೆ ಸುತ್ತಿದ. ಕೈಗೆ ಕೆಲಸ ಹತ್ತಿದರೆ ಅವನಿಗೆ ಲೋಕದ ಪರಿವೆ ಇರುತ್ತಿರಲಿಲ್ಲ. ಹೊತ್ತು ಸರಿಯುತ್ತಿತ್ತು. ಕೊನೆಗೆ ಬಿಗಿದು, ತಾನೇ ಕೂತು ನೋಡಿ, ಹೋಗಿ ಬರ್ರಿ ಅಂದ.

ಬಿಳಿಗಲ್ಲಿನ ಇಳಿಜಾರಿನಲ್ಲಿ ತಗಡು ಜಾರಿತು. ಸೀಟು ಗರ್ರನೆ ತಿರುಗಿ ಎಸ್ತರಬಾಯಿ ಕಲ್ಲಿನ ಮೇಲೆ ಬಿದ್ದರು, ಕಾಲು ಮುರಿಯಿತು. ಹಿಂದೆ ಓಡಿ ಬರುತ್ತಿದ್ದ ಗುರುಸಿದ್ಧ ಜನ ಸೇರಿಸಿ, ಅವರನ್ನು ಹಲಗೆಯ ಮೇಲೆ ಹೊತ್ತು ತಂದು ತನ್ನ ಮನೆಯಲ್ಲಿ ಇಳಿಸುವಷ್ಟರಲ್ಲಿ ಕಾಶವ್ವ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ.

ಲಾಲಸಾಬ ಕಾಶವ್ವನ ಮಣ್ಣಿಗೆ ಹೋದ. ಯಾರೂ ಅವನನ್ನು ಬೈಯಲಿಲ್ಲ. ಎಲ್ಲ ಮುಗಿಸಿ ತಿರುಗುವಾಗ ಗುರುಸಿದ್ಧ ಹತ್ತಿರ ಬಂದು ಒಂದೇ ಮಾತು ಕೇಳಿದನಂತೆ. 'ಸಾಬರ, ಅವತ್ತ ನಿಮ್ಮ ಸೈಕಲ್ ಗ್ವಾಡಿಗೆ ನಿಂತಿತ್ತಲ್ಲ. ನರ್ಸ್ ಬಾಯಾರನ್ನ ಹಿಂದ ಕುಂಡ್ರಿಸಿಕೊಂಡು ನೀವ ಯಾಕ ಬರಲಿಲ್ಲ?'

ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಸೈಕಲ್ ಅಲ್ಲೇ ಇತ್ತು, ಕ್ಯಾರಿಯರ್ ಗಟ್ಟಿ ಇತ್ತು, ಮುಕ್ಕಾಲು ಗಂಟೆಯ ದಾರಿ. ಅಳತೆ ಹುಡುಕುವ ಗುಂಗಿನಲ್ಲಿ ಅದು ಲಾಲಸಾಬನ ತಲೆಗೆ ಹೊಳೆದೇ ಇರಲಿಲ್ಲ. ಎಂಥ ಜಾಣ ನೋಡಿ.

ಆಮೇಲೆ ಅವನ ಹೆಬ್ಬೆರಳು ಮರಗಟ್ಟಿತಂತೆ. ಕೊಯ್ದುಕೊಂಡ ಅನ್ನುವವರೂ ಇದ್ದಾರೆ, ಹಾಗೇನಿಲ್ಲ. ಬೆರಳಿತ್ತು, ಅಳತೆ ಮಾತ್ರ ತಿಳಿಯುತ್ತಿರಲಿಲ್ಲ. ಗಿರಾಕಿಗಳು ಬೇರೆ ಕಡೆ ಹೋದರು. ಅವನು ದಿನವೂ ಬೆಳಗಾಗುತ್ತಲೇ ತನ್ನ ಸೈಕಲ್ ತಂದು ಎಸ್ತರಬಾಯಿಯ ಬಾಗಿಲ ಮುಂದೆ ನಿಲ್ಲುತ್ತಿದ್ದನಂತೆ. ಕಾಲು ಕೂಡಿದ ಮೇಲೂ ಅವರು ಬಹಳ ದಿನ ಅವನ ಮುಖ ನೋಡಲಿಲ್ಲ. ಒಮ್ಮೆ ಯಾರೋ ಕರೆಯಲು ಬಂದಾಗ ಕುಂಟುತ್ತ ಬಂದು ಹಿಂದೆ ಕೂತರಂತೆ. ಸಾಯುವತನಕ ಅವನು ಅವರನ್ನು ಏಳೂರು ತಿರುಗಿಸಿದ. ಎಷ್ಟೋ ಮಕ್ಕಳು ಹುಟ್ಟಿದವು. ಒಂದನ್ನೂ ಅವನು ಎತ್ತಿಕೊಳ್ಳಲಿಲ್ಲವಂತೆ.

ಈಗಲೂ ಆ ಕಡೆ ಹೆರಿಗೆ ನೋವು ಅಂತ ಯಾರಾದರೂ ಅಂಗಡಿಗೆ ಸೈಕಲ್ ತಳ್ಳಿಕೊಂಡು ಬಂದರೆ, ಅಂಗಡಿಯವನು ಏನು ಕೆಟ್ಟಿದೆ ಅಂತ ಕೇಳುವುದಿಲ್ಲ, ಬಗ್ಗಿ ನೋಡುವುದೂ ಇಲ್ಲ. ಕೈಯಲ್ಲಿದ್ದ ಬೋಲ್ಟು ಬಿಗಿಯುವ ಪಾನಾ ಕೆಳಗಿಟ್ಟು, ತನ್ನ ಗಾಡಿ ಹೊರಗೆ ತೆಗೆದು, ಹತ್ತಿ ಕೂಡ್ರಿ ಅನ್ನುತ್ತಾನೆ. ಕೆಟ್ಟ ಸೈಕಲ್ ಅಲ್ಲೇ ಬಿದ್ದಿರುತ್ತದೆ.