ಬಂದೂಕಿನ ಮರಕ್ಕೆ ಇಳಿದ ಎಣ್ಣೆ

"ಗುರುಗಳೇ, ಯಾವ ಎಪಾಕ್ಸಿ ಅಂಟು ಹಾಕಿದರೆ ಬಂದೂಕಿನ ಕಬ್ಬಿಣ ಮರದೊಳಗೆ ಇನ್ನೆಂದೂ ಅಲುಗದ ಹಾಗೆ ಕೂರುತ್ತದೆ?"

ಕೇಳಿದವನು ಚಂಗಪ್ಪ. ವಿರಾಜಪೇಟೆಯಲ್ಲಿ ಬಂದೂಕು ರಿಪೇರಿ ಮಾಡುವ ಬೆಳ್ಯಪ್ಪನವರ ಬಳಿ ಕೆಲಸ ಕಲಿಯುತ್ತಿದ್ದ. ಬೆಳ್ಯಪ್ಪನವರು ಸೇನೆಯಲ್ಲಿ ಆಯುಧಗಳ ದುರಸ್ತಿ ಮಾಡಿ ನಿವೃತ್ತರಾದವರು. ಚಂಗಪ್ಪ ಊರವರ ಬಂದೂಕುಗಳನ್ನೆಲ್ಲ ಬಿಚ್ಚಿ ಜೋಡಿಸುತ್ತಿದ್ದ. ತನ್ನ ತಂದೆಯ ರೈಫಲ್ಲನ್ನು ಮಾತ್ರ, ತಂದೆ ತೀರಿಕೊಂಡ ಮೇಲೆ, ಬಟ್ಟೆ ಸುತ್ತಿ ಮೂಲೆಯಲ್ಲಿ ಇಟ್ಟಿದ್ದ. ಅಂದು ಅದನ್ನು ಮೇಜಿನ ಮೇಲೆ ತಂದಿಟ್ಟು, ಸುತ್ತಿದ ಬಟ್ಟೆಯನ್ನೂ ಬಿಚ್ಚದೆ ಈ ಪ್ರಶ್ನೆ ಕೇಳಿದ.

ಗುರುಗಳು ಬಟ್ಟೆಯ ಗಂಟನ್ನು ನೋಡಿದರು, ಆಮೇಲೆ ಶಿಷ್ಯನ ಮುಖ ನೋಡಿದರು. ಅಂಗಡಿಯವನಿಗೆ ಕೇಳಬೇಕಾದ ಪ್ರಶ್ನೆಯನ್ನು ನನಗೆ ಕೇಳಿದ್ದೀಯ, ಇರಲಿ, ಕೂತುಕೋ ಎಂದು ಕತೆ ಶುರು ಮಾಡಿದರು.

ಒಬ್ಬ ಬೆಳೆಗಾರನಿದ್ದ. ಅವನ ತಂದೆ ಒಳ್ಳೆಯ ಗುರಿಕಾರ. ಅವರ ಮನೆಯಲ್ಲಿ ಒಂದು ಹಳೆಯ ರೈಫಲ್ ಇತ್ತು.

ಗದ್ದೆಯ ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್ ಬರುತ್ತದೆ, ನಮ್ಮ ಆಯುಧಗಳ ಹಬ್ಬ. ಅಂದು ಬಂದೂಕನ್ನು ಒರೆಸಿ, ನಳಿಗೆಯ ತುದಿಗೆ ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ, ದೀಪದ ಮುಂದೆ ಇಟ್ಟು ಎಲ್ಲರೂ ಕೈಮುಗಿಯುತ್ತಾರೆ. ಊಟವಾದ ಮೇಲೆ ಊರ ಬಯಲಿನಲ್ಲಿ ಸೇರಿ, ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತಾರೆ. ಇದು ಈಗಲೂ ಉಂಟು. ಆದರೆ ಆಗ ಮೈಕಿನಲ್ಲಿ ಹೆಸರು ಕೂಗುತ್ತಿರಲಿಲ್ಲ, ಹೊಳೆಯುವ ಟ್ರೋಫಿಗಳನ್ನು ಕೊಡುತ್ತಿರಲಿಲ್ಲ. ಕಾಯಿ ಒಡೆದವನಿಗೆ ಆ ಕಾಯಿಯೇ ಬಹುಮಾನ. ಬೆಳೆಗಾರನ ತಂದೆ ಅದರ ಹೋಳುಗಳನ್ನು ಹೆಕ್ಕಿ ಮನೆಗೆ ತಂದು, ಮಣ್ಣು ತೊಳೆದು, ಮಕ್ಕಳ ಕೈಗೆ ಒಂದೊಂದು ಚೂರು ಕೊಡುತ್ತಿದ್ದರು. ಅಷ್ಟು ರುಚಿಯ ಕಾಯಿಯನ್ನು ಬೆಳೆಗಾರ ಆಮೇಲೆ ಎಲ್ಲಿಯೂ ತಿನ್ನಲಿಲ್ಲ. ನಾನೂ ತಿಂದಿಲ್ಲ, ಬಿಡು.

ಆ ತಂದೆಗೆ ಅವಸರ ಎಂಬುದೇ ಗೊತ್ತಿರಲಿಲ್ಲ. ಸರದಿಯಲ್ಲಿ ಹಿಂದೆ ನಿಂತವರು ಗೊಣಗುತ್ತಿದ್ದರು, ಹೊತ್ತು ಮುಳುಗುವುದರೊಳಗೆ ಹೊಡೆಯಪ್ಪ ಎಂದು ಕಾಲೆಳೆಯುತ್ತಿದ್ದರು. ಅವರು ಕೆನ್ನೆಯನ್ನು ಬಂದೂಕಿನ ಮರಕ್ಕೆ ಒತ್ತಿಕೊಂಡು ಸುಮ್ಮನೆ ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಗೊಣಗುತ್ತಿದ್ದವರೂ ಉಸಿರು ಬಿಗಿಹಿಡಿಯುತ್ತಿದ್ದರು. ಆಮೇಲೆ ಕಾಯಿ ಒಡೆಯುತ್ತಿತ್ತು. ವರ್ಷಗಟ್ಟಲೆ ಹೀಗೇ ನಡೆಯಿತು. ಬಂದೂಕಿನ ಮರದಲ್ಲಿ ಅವರ ಕೆನ್ನೆ ತಾಗುವ ಜಾಗ ಸವೆದು ನುಣ್ಣಗಾಗಿತ್ತು.

ಒಂದು ಬೇಸಗೆಯಲ್ಲಿ ತಂದೆ ತೀರಿಕೊಂಡರು. ಬಂದೂಕು ಮಗನ ಕೈಗೆ ಬಂತು.

ಮಗ ಅಪ್ಪನನ್ನು ಬಹಳ ಹಚ್ಚಿಕೊಂಡಿದ್ದವನು. ಸಾವಿಗೆ ಬಂದವರನ್ನೆಲ್ಲ ಅವನೇ ವಿಚಾರಿಸಿಕೊಂಡ, ಆಗಬೇಕಾದ ಕೆಲಸಗಳನ್ನೆಲ್ಲ ಒಂದೂ ಬಿಡದೆ ಮಾಡಿಸಿದ. ಎಷ್ಟು ಗಟ್ಟಿ ಮನಸ್ಸಿನ ಹುಡುಗ ಎಂದು ಜನ ಹೊಗಳಿದರು. ಅಂದಿನಿಂದ ಪ್ರತಿದಿನ ಸಂಜೆ ದೀಪ ಹಚ್ಚಿದ ಮೇಲೆ ಬಂದೂಕನ್ನು ತೆಗೆದು ಎಣ್ಣೆ ಹಾಕುತ್ತಿದ್ದ. ಅಪ್ಪ ಹಬ್ಬಕ್ಕೊಮ್ಮೆ, ಶಿಕಾರಿಗೊಮ್ಮೆ ಎರಡು ತೊಟ್ಟು ಹಾಕಿ ಒರೆಸಿಬಿಡುತ್ತಿದ್ದರು. ಇವನಿಗೆ ಅಷ್ಟು ಸಾಲಲಿಲ್ಲ. ಕಬ್ಬಿಣ ಹೊಳೆಯುವಷ್ಟು ಹಾಕಿ, ನಳಿಗೆ ಮೇಲೆ ಮಾಡಿ ಮೂಲೆಗೆ ಒರಗಿಸಿ ನಿಲ್ಲಿಸುತ್ತಿದ್ದ. ನೋಡಿದವರು ಮೆಚ್ಚಿಕೊಂಡರು. ಅಪ್ಪನ ಮೇಲೆ ಏನು ಪ್ರೀತಿ ಎಂದರು. ಪ್ರೀತಿ ಇದ್ದದ್ದು ನಿಜವೇ.

ನಿಂತ ಬಂದೂಕಿನ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಕೆಳಗೆ ಇಳಿಯುತ್ತದೆ, ಮತ್ತೆಲ್ಲಿಗೆ? ಕಬ್ಬಿಣದಿಂದ ಜಾರಿ, ಕಬ್ಬಿಣ ಕೂತಿರುವ ಮರದೊಳಗೆ ಸೇರಿಕೊಂಡಿತು. ಮರ ಕುಡಿಯಿತು. ದಿನಾ ಕೊಟ್ಟರೆ ದಿನಾ ಕುಡಿಯಿತು. ಹೊರಗಿನಿಂದ ನೋಡಿದರೆ ಬಂದೂಕು ಮದುವೆ ಗಂಡಿನ ಹಾಗೆ ಮಿಂಚುತ್ತಿತ್ತು, ಒಳಗೆ ಮರ ಮೆತ್ತಗಾಗುತ್ತಿತ್ತು.

ಮುಂದಿನ ಹಬ್ಬದಲ್ಲಿ ಅವನ ಗುಂಡು ಕಾಯಿಗೆ ತಾಗಲಿಲ್ಲ. ದುಃಖದಲ್ಲಿದ್ದಾನೆ, ಕೈ ನಡುಗಿರಬೇಕು ಎಂದು ಎಲ್ಲರೂ ಸಮಾಧಾನ ಹೇಳಿದರು. ಅದರ ಮುಂದಿನ ಹಬ್ಬದಲ್ಲೂ ತಾಗಲಿಲ್ಲ. ಒಂದು ಗುಂಡು ಎಡಕ್ಕೆ ಹೋದರೆ ಇನ್ನೊಂದು ಮೇಲಕ್ಕೆ ಹೋಯಿತು. ಊರಿನ ಇನ್ನೊಬ್ಬ ಗುರಿಕಾರ ಅದೇ ಬಂದೂಕು ಹಿಡಿದು ನೋಡಿದ. ಅವನ ಗುಂಡೂ ಮನಸ್ಸಿಗೆ ಬಂದ ಕಡೆ ಹೋಯಿತು. ದೋಷ ಕೈಯದಲ್ಲ ಎಂದು ಆಗ ಗೊತ್ತಾಯಿತು.

ಅವರ ಮನೆತನದ ಹಿರಿಯರು ಕೆಟ್ಟವರಲ್ಲ. ಬಂದೂಕಿಗೆ ವಯಸ್ಸಾಯಿತು ಎಂದರು. ಬರುವ ಹಬ್ಬದಲ್ಲೂ ಹೀಗೇ ಆದರೆ ಗೋಡೆಗೆ ತೂಗುಹಾಕಿ ಮೇಲೊಂದು ಗಾಜು ಹಾಕಿಸೋಣ, ಬಂದವರು ನೋಡಲಿ ಎಂದರು. ಬೆಳೆಗಾರ ತಲೆಯಾಡಿಸಿ ಮನೆಗೆ ಬಂದ. ಗೋಡೆಯ ಮೇಲೆ ಅಪ್ಪನ ಫೋಟೊ ಆಗಲೇ ಗಾಜಿನ ಹಿಂದೆ ಇತ್ತು. ಬಂದೂಕೂ ಗಾಜಿನ ಹಿಂದೆ ಹೋದರೆ ಅಪ್ಪ ಇನ್ನೊಂದು ಸಲ ಸತ್ತ ಹಾಗೆ ಎಂದು ಅವನಿಗೆ ಅನ್ನಿಸಿತು. ಹೇಗಾದರೂ ಸರಿ, ಅಪ್ಪ ಹೊಡೆದ ಹಾಗೆ ಆ ಬಂದೂಕು ಮತ್ತೆ ಹೊಡೆಯಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ತಿರುಪು ಬಿಚ್ಚಿ ನೋಡಿದ. ಕಬ್ಬಿಣ ಮರದೊಳಗೆ ಅಲುಗುತ್ತಿತ್ತು. ನಡುವಿನ ಸಂದು ತುಂಬಬೇಕು ಎಂದು ಅರ್ಥವಾಯಿತು. ಮೈಸೂರಿಗೆ ಹೋಗಿ ಅಂಗಡಿ ಅಂಗಡಿ ಅಲೆದ. ಒಬ್ಬ ಐದೇ ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ತೋರಿಸಿದ. ಅವಸರದ ಕೆಲಸಕ್ಕೆ ಅದು ಸರಿ, ಆದರೆ ಕಬ್ಬಿಣವನ್ನು ನೆಟ್ಟಗೆ ಕೂರಿಸುವ ಮೊದಲೇ ಕಲ್ಲಾಗಿಬಿಡುತ್ತದೆ. ಇನ್ನೊಬ್ಬ ನೀರಿನ ಹಾಗೆ ಹರಿಯುವುದನ್ನು ತೋರಿಸಿದ. ಅದು ಇರಬೇಕಾದ ಜಾಗ ಬಿಟ್ಟು ತಿರುಪಿನ ತೂತಿಗೆ ಇಳಿಯುವಂಥದ್ದು. ಮಂದವಾಗಿ ನಿಧಾನಕ್ಕೆ ಗಟ್ಟಿಯಾಗುವ ಲೇಪವೂ ಕಪಾಟಿನಲ್ಲಿ ಇತ್ತು. ಬೆಳೆಗಾರ ಇದಾವುದರ ಗುಣವನ್ನೂ ವಿಚಾರಿಸಲಿಲ್ಲ. ಎಲ್ಲದಕ್ಕಿಂತ ಬಿಗಿಯಾಗಿ ಹಿಡಿಯುವುದು ಯಾವುದು ಎಂದು ಮಾತ್ರ ಕೇಳಿದ. ಅಂಗಡಿಯವನು ಕೊಟ್ಟದ್ದನ್ನು ಎದೆಗೆ ಅವಚಿಕೊಂಡು ಬಸ್ಸು ಹತ್ತಿದ.

ಡಬ್ಬಿಯ ಜೊತೆ ಬಂದ ಹಾಳೆಯಲ್ಲಿ ಎಲ್ಲ ಬರೆದಿತ್ತು. ಹಳೆಯ ಮರವನ್ನು ಹೊಸ ಮರ ಕಾಣುವ ತನಕ ಕೆತ್ತಿ ತೆಗೆಯಬೇಕು, ಕಬ್ಬಿಣಕ್ಕೆ ಮೇಣ ಸವರಬೇಕು. ಲೇಪ ಮರವನ್ನು ಹಿಡಿಯಬೇಕು, ಕಬ್ಬಿಣವನ್ನು ಹಿಡಿಯಬಾರದು. ಬೇಕೆಂದಾಗ ಕಬ್ಬಿಣ ಎದ್ದು ಬರಬೇಕು, ಇಟ್ಟಾಗ ಅದೇ ಜಾಗದಲ್ಲಿ ಕೂರಬೇಕು.

ಬೆಳೆಗಾರ ಓದಿದ. ಉಳಿ ಕೈಗೆ ತೆಗೆದುಕೊಂಡ. ಮರದ ಒಳಗಿನ ಜಾಗ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಅಪ್ಪನ ಬೆರಳುಗಳು ಓಡಾಡಿದ ಜಾಗ ಇದು ಎಂದುಕೊಂಡ. ಉಳಿ ಕೆಳಗಿಟ್ಟು ಬಟ್ಟೆಯಲ್ಲಿ ಮೃದುವಾಗಿ ಒರೆಸಿ, ಅದರ ಮೇಲೆಯೇ ಲೇಪ ಹಾಕಿದ. ಮೇಣವನ್ನೂ ಸವರಲಿಲ್ಲ. ಅಪ್ಪನ ಬಂದೂಕಿನ ಕಬ್ಬಿಣ ಅಪ್ಪನ ಬಂದೂಕಿನ ಮರವನ್ನು ಬಿಟ್ಟು ಯಾಕೆ ಏಳಬೇಕು, ಒಂದೇ ಆಗಿರಲಿ ಎಂದು ತಿರುಪು ಬಿಗಿದ.

ಲೇಪ ಒಣಗಿದ ಮೇಲೆ ತೋಟದ ಹಿಂದಿನ ದಿಬ್ಬಕ್ಕೆ ಗುರಿಯಿಟ್ಟು ಹೊಡೆದು ನೋಡಿದ. ಮೊದಲ ಗುಂಡು ಸರಿಯಾಗಿ ಬಿತ್ತು. ಅವನ ಮುಖ ಅರಳಿತು. ಮುಂದಿನ ಗುಂಡಿಗೆ ಒಳಗೆ ಏನೋ ಲಟಕ್ಕೆಂದಿತು. ಬಿಚ್ಚಿ ನೋಡಿದರೆ, ಪಾತ್ರೆಯ ತಳದಿಂದ ಅನ್ನದ ಸೀಕಲು ಏಳುವ ಹಾಗೆ ಲೇಪ ಇಡಿಯಾಗಿ ಮರದಿಂದ ಎದ್ದು ಬಂದಿತ್ತು. ಎಣ್ಣೆ ಕುಡಿದ ಮರವನ್ನು ಅದು ಹಿಡಿದೇ ಇರಲಿಲ್ಲ. ಕಬ್ಬಿಣವನ್ನು ಮಾತ್ರ ಬಿಡಿಸಲಾಗದಂತೆ ಕಚ್ಚಿಕೊಂಡಿತ್ತು. ಹಿಡಿಯಬೇಕಾದದ್ದನ್ನು ಬಿಟ್ಟು, ಬಿಡಬೇಕಾದದ್ದನ್ನು ಹಿಡಿದಿತ್ತು.

ಬೆಳೆಗಾರ ಅಂಗಡಿಯವನನ್ನು ಬೈದ. ಲೇಪ ಕಲಬೆರಕೆ ಎಂದ. ಇನ್ನೂ ಬಿಗಿಯಾದದ್ದು ಬೆಂಗಳೂರಿನಲ್ಲಿ ಸಿಗಬಹುದು, ಹೋಗಿ ತರುತ್ತೇನೆ ಎಂದ. ನಾವು ಯಾವಾಗಲೂ ಹೀಗೆಯೇ ಅಲ್ಲವೇ? ಅಂಟು ಬಿಟ್ಟಾಗ ಅಂಟಿಗೇ ಬೈಯುತ್ತೇವೆ.

ಆ ಹೊತ್ತಿಗೆ ಹಬ್ಬ ಹತ್ತಿರ ಬಂದಿತ್ತು. ಅವನ ಸೋದರತ್ತೆ ಬೊಳ್ಳವ್ವ ತವರಿನ ಹಬ್ಬಕ್ಕೆಂದು ಬಂದಳು. ಅವಳದು ಬಾಯಿ ಜೋರು, ಮನಸ್ಸು ಮೆತ್ತಗೆ. ಅಣ್ಣನ ಬಂದೂಕು ಚಾಪೆಯ ಮೇಲೆ ತುಂಡು ತುಂಡಾಗಿ ಬಿದ್ದದ್ದನ್ನೂ ಅಳಿಯ ತಲೆಯ ಮೇಲೆ ಕೈಹೊತ್ತು ಕೂತದ್ದನ್ನೂ ನೋಡಿದಳು. ಅವನು ನಡೆದದ್ದನ್ನೆಲ್ಲ ಹೇಳಿಕೊಂಡ. ಅವಳು ಮರವನ್ನು ಎತ್ತಿ ಮೂಗಿನ ಹತ್ತಿರ ತಂದಳು. ಇದೇನು ಬಂದೂಕಿನ ಮರವೋ ಒಗ್ಗರಣೆ ಸೌಟೋ ಎಂದು ಕೇಳಿದಳು. ಮೊದಲು ಇದನ್ನು ಕೆತ್ತು, ಅಂಟಿನ ಮಾತು ಆಮೇಲೆ ಎಂದಳು.

"ಆಗಲ್ಲ ಅತ್ತೆ. ಇದು ಅಪ್ಪ ಕೈಯಾರೆ ಕೂರಿಸಿದ ಜಾಗ. ಇದಕ್ಕೆ ಉಳಿ ಹಾಕೋದು ಅಪ್ಪನ ಮೈಗೇ ಹಾಕಿದ ಹಾಗೆ."

ಬೊಳ್ಳವ್ವ ಅವನ ಪಕ್ಕದಲ್ಲೇ ಚಾಪೆಯ ಮೇಲೆ ಕೂತಳು.

"ನಿಮ್ಮಪ್ಪ ಹೇಗೆ ಕೂರಿಸಿದ ಅಂತ ನಿನಗೆ ಗೊತ್ತಾ? ಇದು ನಮ್ಮಪ್ಪನ ಬಂದೂಕು. ನಮ್ಮಪ್ಪ ತೀರಿಕೊಂಡ ವರ್ಷ ಇದೂ ಅಲುಗ್ತಾ ಇತ್ತು. ಆಗ ಈ ಅಂಟು ಗಿಂಟು ಎಲ್ಲಿತ್ತು? ಕಬ್ಬಿಣಕ್ಕೆ ದೀಪದ ಮಸಿ ಹಚ್ಚಿ ಕೂರಿಸೋದು, ಎತ್ತಿ ನೋಡೋದು, ಮಸಿ ಹತ್ತಿದ ಕಡೆ ಕೆತ್ತೋದು. ಮರವನ್ನ ನಾನೇ ಮಡಿಲಲ್ಲಿ ಹಿಡ್ಕೊಂಡಿದ್ದೆ. ಒಂದೊಂದು ಚಕ್ಕೆ ಎದ್ದಾಗಲೂ ನಿಮ್ಮಪ್ಪ ಅತ್ತ. ಅತ್ತುಕೊಂಡೇ ಕೆತ್ತಿದ, ಕೈ ನಿಲ್ಲಿಸಲಿಲ್ಲ. ಮರಕ್ಕೆ ಬಿದ್ದ ಕಣ್ಣೀರು ಒರೆಸಿ ಒರೆಸಿ ನನಗೇ ಸಾಕಾಗಿ ಹೋಯ್ತು."

ಬೆಳೆಗಾರ ಮರದೊಳಗಿನ ಕಪ್ಪನ್ನು ನೋಡಿದ. ಅವನು ಕಣ್ಣಿಗೊತ್ತಿಕೊಂಡು ಕಾಪಾಡಿದ್ದು ಅಪ್ಪನ ಉಳಿಯ ಗಾಯವನ್ನು, ಮತ್ತು ಅದರ ಮೇಲೆ ತಾನೇ ಸುರಿದ ಎಣ್ಣೆಯನ್ನು. ಅಜ್ಜನ ಮರವನ್ನು ಅಪ್ಪ ಉಳಿಸಿರಲಿಲ್ಲ. ಬಂದೂಕನ್ನು ಉಳಿಸಿದ್ದರು.

ಅತ್ತೆ ಮರವನ್ನು ಮಡಿಲಿಗೆ ಎಳೆದುಕೊಂಡು ಗಟ್ಟಿಯಾಗಿ ಹಿಡಿದಳು. ಅವನು ಉಳಿ ಎತ್ತಿದ. ಮೊದಲ ಚಕ್ಕೆ ಎದ್ದು ಅತ್ತೆಯ ಮಡಿಲಿಗೆ ಬಿತ್ತು. ಮತ್ತೊಂದು ಎದ್ದಾಗ ತಡೆಯಲಾಗಲಿಲ್ಲ. ಅಪ್ಪ ಸತ್ತ ದಿನ ಬರದ ಅಳು ಆಗ ಬಂತು. ಅಪ್ಪನ ಕೆಮ್ಮು, ಅಪ್ಪನ ಬೀಡಿ, ಗುಂಡು ಹೊಡೆಯುವ ಮೊದಲು ಅಪ್ಪ ಸುಮ್ಮನೆ ನಿಲ್ಲುತ್ತಿದ್ದ ರೀತಿ, ಎಲ್ಲ ಒಟ್ಟಿಗೆ ನೆನಪಾಯಿತು. ಮಕ್ಕಳ ಹಾಗೆ ಬಾಯಿ ಬಿಟ್ಟು ಅತ್ತ. ಆದರೆ ಕೈ ನಿಲ್ಲಿಸಲಿಲ್ಲ. ಅತ್ತೆ ಸೆರಗಿನಿಂದ ಮರವನ್ನು ಒರೆಸುತ್ತಾ, ಇಷ್ಟು ವರ್ಷ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದೆಯೋ ಎಂದು ಬೈಯುತ್ತಾ ಕೂತಳು. ಅವಳೂ ಅಳುತ್ತಿದ್ದಳು.

ಕಪ್ಪು ಹೋಗಿ, ಎಣ್ಣೆಯ ಜಿಡ್ಡು ಹೋಗಿ, ಕೊನೆಗೆ ತಿಳಿ ಬಣ್ಣದ ಮರ ಕಂಡಿತು. ಅದಕ್ಕೆ ಮರದ್ದೇ ವಾಸನೆ ಇತ್ತು. ಕೆನ್ನೆ ತಾಗಿ ಸವೆದ ಜಾಗವನ್ನು ಅವನು ಮುಟ್ಟಲಿಲ್ಲ, ಮುಟ್ಟಬೇಕಾದ ಅಗತ್ಯವೂ ಇರಲಿಲ್ಲ. ಕಬ್ಬಿಣವನ್ನು ಬಿಸಿ ಮಾಡಿ ಅಂಟಿದ್ದ ಲೇಪವನ್ನು ಕೆರೆದು ತೆಗೆದ. ಮತ್ತೆ ಅಂಗಡಿಗೆ ಹೋದಾಗ ಬಿಗಿ ಎಷ್ಟು ಎಂದು ಕೇಳಲಿಲ್ಲ. ಹರಿಯದೆ ನಿಲ್ಲುವ, ಒಣಗುವಾಗ ಕುಗ್ಗದ, ನೆಟ್ಟಗೆ ಕೂರಿಸಲು ಸಮಯ ಕೊಡುವ ಮಂದದ ಲೇಪವನ್ನು ಆರಿಸಿಕೊಂಡ. ಮರದ ಮೇಲೆ ಅದನ್ನು ಹಚ್ಚಿ, ಕಬ್ಬಿಣಕ್ಕೆ ಮೇಣ ಸವರಿ ಕೂರಿಸಿದ. ಪೂರ್ತಿ ಒಣಗುವ ತನಕ ಮುಟ್ಟದೆ ಕಾದ. ಆಮೇಲೆ ಎತ್ತಿದರೆ ಕಬ್ಬಿಣ ಸಲೀಸಾಗಿ ಎದ್ದಿತು, ಇಟ್ಟರೆ ಕೂದಲೆಳೆಯಷ್ಟೂ ಅಲುಗದೆ ಕೂತಿತು.

ಹಬ್ಬದ ದಿನ ಅವನ ಸರದಿ ಬಂದಾಗ ಕೆನ್ನೆಯನ್ನು ಮರಕ್ಕೆ ಒತ್ತಿ ನಿಂತ. ಹಿಂದಿನವರು ಗೊಣಗಿದರು. ಅವನು ಅವಸರ ಮಾಡಲಿಲ್ಲ. ಕಾಯಿ ಒಡೆದು ನೀರು ಚೆಲ್ಲಿತು. ಮನೆತನದ ಹಿರಿಯರು ಓಡಿ ಬಂದು ಬೆನ್ನು ತಟ್ಟಿದರು, ಗಾಜಿನ ಮಾತನ್ನು ಮತ್ತೆ ಎತ್ತಲಿಲ್ಲ. ಬಯಲಿನ ಅಂಚಿನಲ್ಲಿ ಕೂತಿದ್ದ ಬೊಳ್ಳವ್ವ, ಹೊಡೆದದ್ದು ಅಣ್ಣನೋ ಅಳಿಯನೋ ಎಂದು ಒಂದು ಗಳಿಗೆ ತನಗೇ ತಿಳಿಯಲಿಲ್ಲ ಎಂದು ಆಮೇಲೆ ಹೇಳಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಚಂಗಪ್ಪ, ಆ ಬೆಳೆಗಾರ ಹಾಕಿದ ಮಂದದ ಲೇಪ ನಮ್ಮಲ್ಲಿ ಉಂಟೇ ಎಂದು ಮೆಲ್ಲಗೆ ಕೇಳಿದ.

ಗುರುಗಳು ಎದ್ದು ಡಬ್ಬಿಯನ್ನು ತಂದು ಬಟ್ಟೆ ಸುತ್ತಿದ ರೈಫಲ್ಲಿನ ಪಕ್ಕದಲ್ಲಿ ಇಟ್ಟರು.

"ಲೇಪ ನಾನು ಕೊಡ್ತೇನೆ ಚಂಗಪ್ಪ, ಅಳೋದನ್ನ ಮಾತ್ರ ನೀನೇ ಅಳಬೇಕು."