ಕೋವಿಯ ಬಾಗಿದ ಮೊನೆ

"ಗುರುಗಳೇ, ಸರಿ ಮಾಡಿದ್ದೂ ತಪ್ಪಾಗುತ್ತದೆಯೇ?" ಎಂದು ಶಿಷ್ಯ ಕೇಳಿದ. "ನನ್ನ ಕೋಣೆಯಲ್ಲಿದ್ದ ಮುರಿಗೆಪ್ಪ ಮಠ ಬಿಟ್ಟು ಹೋದ. ಅವನು ದಿನಾ ಬೆಳಿಗ್ಗೆ ಹಾಡುವ ಹಾಡಿನಲ್ಲಿ ಒಂದು ಸಾಲು ತಪ್ಪಿತ್ತು. ತಿದ್ದಿದೆ, ಅಷ್ಟೇ. ಆಮೇಲೆ ಅವನು ಹಾಡಲೇ ಇಲ್ಲ. ಈಗ ಕೋಣೆಯಲ್ಲಿ ಒಬ್ಬನೇ ಕೂತರೆ ಸಂಕಟವಾಗುತ್ತದೆ."

"ತಿದ್ದುವುದೆಂದರೆ ನಿನಗೆ ಪ್ರಾಣ. ಮೊನ್ನೆ ನಾನು ರುಮಾಲು ಸುತ್ತಿದ್ದನ್ನೂ ತಿದ್ದದೆ ಬಿಡಲಿಲ್ಲ ನೀನು" ಎಂದು ಗುರುಗಳು ನಕ್ಕರು. ಆಮೇಲೆ ಕತೆ ಹೇಳಿದರು.

ಕೊಡಗಿನಲ್ಲಿ ಒಬ್ಬ ರೈತನಿದ್ದ. ಹೆಂಡತಿ ತೀರಿಕೊಂಡ ಮೇಲೆ ಅವನು ಯಾರ ಮನೆಗೂ ಹೋಗುತ್ತಿರಲಿಲ್ಲ. ಕೋವಿಗೆ ಹೂ ಮುಡಿಸಿ ಪೂಜಿಸುವ ಹಬ್ಬದ ದಿನ ಮಾತ್ರ ಊರ ಮೈದಾನಕ್ಕೆ ಬರುತ್ತಿದ್ದ. ಅಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಅವನು ಕಾಯಿ ಒಡೆಯದ ವರ್ಷವಿಲ್ಲ. ಜನ ಹೋ ಎಂದು ಕೂಗಿ ಬೆನ್ನು ತಟ್ಟುತ್ತಿದ್ದರು. ಪಾಪ, ಆ ಒಂದು ಗಳಿಗೆಗಾಗಿ ಅವನು ವರ್ಷವಿಡೀ ಕಾಯುತ್ತಿದ್ದ.

ಅವನ ಕೋವಿ ಅಜ್ಜನ ಕಾಲದ್ದು. ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕುದುರೆಯ ಕೆಳಗಿನ ಹಿಡಿಯನ್ನು ಒಮ್ಮೆ ಇಳಿಸಿ ಎತ್ತಿದರೆ ತೋಟಾ ತಾನಾಗಿ ನಳಿಗೆಗೆ ಏರುವಂಥದು. ಒಂದು ವರ್ಷ ಆ ಹಿಡಿ ತುಕ್ಕು ಹಿಡಿದು ಕಚ್ಚಿಕೊಂಡಿತು. ಹಬ್ಬ ಹತ್ತಿರ ಬಂದಿತ್ತು. ರೈತ ಗಾಬರಿಯಿಂದ ಅದನ್ನು ಕೋವಿ ರಿಪೇರಿಯವನ ಬಳಿಗೆ ಒಯ್ದ.

"ಹಿಡಿ ಆಡುವಂತೆ ಮಾಡಿಕೊಡಪ್ಪ, ಸಾಕು" ಎಂದ.

ರಿಪೇರಿಯವನು ಅಷ್ಟಕ್ಕೇ ಕೈ ಬಿಡುವ ಆಸಾಮಿಯಲ್ಲ, ನಿನ್ನ ಹಾಗೆ. ಹಿಡಿಯನ್ನು ಬಿಚ್ಚಿ, ತುಕ್ಕು ಉಜ್ಜಿ, ಎಣ್ಣೆ ಹಾಕಿದ. ನಳಿಗೆಯೊಳಗಿನ ಮಸಿ ತೆಗೆದ. ಕೋವಿಯ ಹಿಂಬದಿಯ ಸಡಿಲವಾಗಿದ್ದ ಮರವನ್ನು ಬಿಗಿದ. ಹಿತ್ತಲಲ್ಲಿ ಗುರಿಯಿಟ್ಟು ಹೊಡೆದರೆ ಗುಂಡು ಗೇಣು ಬಲಕ್ಕೆ ಹೋಯಿತು. ನೋಡುತ್ತಾನೆ, ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಮೊನೆ ಎಡಕ್ಕೆ ಬಾಗಿದೆ! "ಅಯ್ಯೋ, ಇದನ್ನಿಟ್ಟುಕೊಂಡು ಹೇಗೆ ಹೊಡೆಯುತ್ತಿದ್ದನೋ" ಎಂದು ಅದನ್ನು ಕಿತ್ತೆಸೆದು ಹೊಸದನ್ನು ನೆಟ್ಟಗೆ ಕೂರಿಸಿದ. ಗುಂಡು ನಟ್ಟನಡುವೆ ಬಿತ್ತು. ಅವನಿಗೆ ಖುಷಿಯೋ ಖುಷಿ. ರೈತ ತಾನೇ ಕಂಡು ಬೆರಗಾಗಲಿ ಎಂದು ಬಾಯಿ ಬಿಡದೆ, ಹಬ್ಬದ ಬೆಳಿಗ್ಗೆ ಕೋವಿಯನ್ನು ಕೈಗಿತ್ತ.

ಪಂದ್ಯದಲ್ಲಿ ರೈತ ರೂಢಿಯಂತೆ ಕಾಯಿಯ ಎಡಕ್ಕೆ, ಬರೀ ಗಾಳಿಗೆ ಗುರಿಯಿಟ್ಟ. ಗುಂಡು ಆ ಗಾಳಿಗೇ ಹೋಯಿತು. ಯಾರೂ ಕೂಗಲಿಲ್ಲ. ಅವನು ನಳಿಗೆಯ ತುದಿಯನ್ನು ಬೆರಳಿನಿಂದ ಸವರಿ ನೋಡಿದ. ಅಲ್ಲಿಂದ ನೇರ ಅಂಗಡಿಗೆ ಬಂದ.

"ಹಳೆಯ ಮೊನೆ ಎಲ್ಲಿ?"

"ಸೊಟ್ಟಗಾಗಿತ್ತು ಮಾರಾಯ್ರೆ, ಎಸೆದೆ. ಈಗ ನೋಡಿ, ಗುಂಡು ನೂಲು ಹಿಡಿದಂತೆ ಹೋಗುತ್ತದೆ."

"ನನ್ನವಳು ಹೂ ಮುಡಿಸುವಾಗ ಕೋವಿಯನ್ನು ಮೆಟ್ಟಿಲ ಮೇಲೆ ಬೀಳಿಸಿ ಮೊನೆ ಬಾಗಿಸಿದ್ದಳು. ನಾನು ಬೈದೆ. ಸ್ವಲ್ಪ ಎಡಕ್ಕೆ ನೋಡಿ ಹೊಡೆದರಾಯಿತು ಎಂದು ನಕ್ಕಳು. ಅಂದಿನಿಂದ ಪ್ರತಿ ಸಲವೂ ಅವಳು ಹೇಳಿದಂತೆಯೇ ಹೊಡೆಯುತ್ತಿದ್ದೆ." ರೈತ ಕಣ್ಣೊರೆಸಿಕೊಂಡ. "ಈಗ ಇದರಲ್ಲಿ ಅವಳಿಲ್ಲ."

ಕೋವಿಯನ್ನು ಅಂಗಡಿಯಲ್ಲೇ ಬಿಟ್ಟು ಹೋದ. ಮತ್ತೆ ಯಾವ ಹಬ್ಬಕ್ಕೂ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಿಟ್ಟು ಬಂದಿತ್ತು. "ಎಂಥ ಮನುಷ್ಯ! ಕಿತ್ತೆಸೆಯುವ ಮೊದಲು ಒಂದು ಮಾತು ಕೇಳಬಾರದಿತ್ತೇ?" ಎಂದ.

ಗುರುಗಳು ಅವನನ್ನೇ ನೋಡುತ್ತ ಕೇಳಿದರು: "ಮುರಿಗೆಪ್ಪನಿಗೆ ಆ ಹಾಡು ಕಲಿಸಿದವರು ಯಾರಪ್ಪ?"